ಗೈಡ್ ಮುಚ್ಚಿಟ್ಟ ಮೇಲೆ ಶುರುವಾಗುವ ಓದು

ಹುಮನಾಬಾದ್ ಸೀಮೆಯ ಕೊಡಂಬಲದಂಥ ಊರುಗಳಲ್ಲಿ ಡಿ.ಇಡಿ, ಬಿ.ಇಡಿ ಮುಗಿಸಿದವರು ಮುಂದೆ ಕೈಗೆತ್ತಿಕೊಳ್ಳುವುದು ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ ಗೈಡು. ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಶಿಶುವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲು. ಒಂದನೇ ಪತ್ರಿಕೆ ಬರೆಯಲಿ, ಎರಡನೆಯದು ಬರೆಯಲಿ, ಇದು ತಪ್ಪಿದ್ದಲ್ಲ. ಹಾಗಾಗಿ ಪಾವ್ಲೋವ್ ಎಂದರೆ ನಾಯಿ, ಥಾರ್ನ್‌ಡೈಕ್ ಎಂದರೆ ಬೆಕ್ಕು, ಕೊಹ್ಲರ್ ಎಂದರೆ ಚಿಂಪಾಂಜಿ ಎಂದು ಉರು ಹೊಡೆಯುವುದು ನಡೆಯುತ್ತದೆ. ಈ ವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನು ಹತ್ತಿದ್ದು ಕಲಿಕೆ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಯನ್ನು. ಅವರು ಕಂಡುಕೊಂಡ ಉತ್ತರವನ್ನು ಬಾಯಿಪಾಠ ಮಾಡುವ ನಮ್ಮ ಮಕ್ಕಳು ತಮ್ಮ ಓದಿಗೆ ಅದನ್ನು ಹಚ್ಚಿ ನೋಡುವುದೇ ಇಲ್ಲ. ಈ ಸಂಗತಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಮರೆವಿನಿಂದಲೇ ಶುರು ಮಾಡೋಣ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಆಮೇಲೆ ಇಳಿತ ನಿಧಾನವಾಯಿತು. ‘ಓದಿದ್ದು ತಲಿಯಾಗ ನಿಲ್ಲಂಗಿಲ್ಲ’ ಎಂದು ಕೊರಗುವ ಹುಡುಗಿ ಈ ಮರೆವಿನ ರೇಖಾಚಿತ್ರವನ್ನು ಗೈಡಿನಲ್ಲಿ ನೋಡಿರುತ್ತಾಳೆ, ಪ್ರಶ್ನೆಗೆ ಉತ್ತರವನ್ನೂ ಗುರುತು ಹಾಕಿರುತ್ತಾಳೆ. ಆದರೂ ತನ್ನ ತಲೆಯಲ್ಲೇ ಏನೋ ಕೊರತೆಯಿದೆ ಎಂದು ನಂಬಿರುತ್ತಾಳೆ. ಆ ಗೆರೆ ಅವಳ ತಲೆಯದೂ ಹೌದು, ಎಬ್ಬಿಂಗ್‌ಹೌಸನ ತಲೆಯದೂ ಹೌದು.

ಇದಕ್ಕೆ ಮದ್ದೂ ಗೊತ್ತಿದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೊಮ್ಮೆ ಓದಲು ಹೇಳಿದರು. ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು. ಮತ್ತೆ ಓದಿದವರಿಗೆ ಶೇ 42ರಷ್ಟು ನೆನಪಿತ್ತು, ಮುಚ್ಚಿ ಬರೆದವರಿಗೆ ಶೇ 56. ಮಾರ್ಕರ್ ಹಿಡಿದು ಹಳದಿ ಗೆರೆ ಎಳೆಯುತ್ತಾ ಅದೇ ಪುಟವನ್ನು ನಾಲ್ಕು ಸಲ ಓದಿದಾಗ ಬರುವ ‘ನನಗೆ ಬರುತ್ತದೆ’ ಎಂಬ ಧೈರ್ಯ ಆ ಐದು ನಿಮಿಷದ ಧೈರ್ಯವೇ. ಪರೀಕ್ಷೆ ಮಾತ್ರ ವಾರಗಳಾಚೆ ಇರುತ್ತದೆ.

ಮುಚ್ಚಿ ಬರೆಯುವುದು ಹೇಗೆ? ಗೈಡಿನಲ್ಲಿ ಮನೋವಿಜ್ಞಾನಿ ಸ್ಕಿನ್ನರ್ ಬಗ್ಗೆ ಇರುವ ಒಂದು ಪುಟವನ್ನೇ ತೆಗೆದುಕೊಳ್ಳಿ. ಓದಿ, ಗೈಡ್ ಮುಚ್ಚಿ, ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ನೆನಪಾದದ್ದನ್ನೆಲ್ಲ ಬರೆಯಿರಿ. ಋಣಾತ್ಮಕ ಪುನರ್ಬಲನದ ಹತ್ತಿರ ಪೆನ್ನು ನಿಲ್ಲುತ್ತದೆ. ಬಹಳ ಮಂದಿ ಅಲ್ಲಿ ‘ಶಿಕ್ಷೆ’ ಎಂದು ಬರೆದುಬಿಡುತ್ತಾರೆ, ಪರೀಕ್ಷೆಯಲ್ಲೂ ಅಲ್ಲೇ ಎಡವುತ್ತಾರೆ. ಈಗ ಗೈಡ್ ತೆರೆದು ತಪ್ಪನ್ನು ತಿದ್ದಿ, ಪಕ್ಕದಲ್ಲಿ ನಿಮ್ಮ ಮನೆಯದೇ ಒಂದು ಉದಾಹರಣೆ ಬರೆಯಿರಿ: ಅವ್ವನ ಬೈಗುಳ ತಪ್ಪಲಿ ಎಂದು ನಾನು ನಸುಕಿನಲ್ಲೇ ಎದ್ದು ನೀರು ತುಂಬುತ್ತೇನೆ. ಬೇಡವಾದದ್ದು ತಪ್ಪಿತು, ನೀರು ತುಂಬುವ ರೂಢಿ ಬಲವಾಯಿತು. ನಡವಳಿಕೆ ಹೆಚ್ಚಾದರೆ ಪುನರ್ಬಲನ, ಕಡಿಮೆಯಾದರೆ ಶಿಕ್ಷೆ. ಅದೇ ಹಾಳೆಯನ್ನು ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು, ಮತ್ತೆ ತಿಂಗಳಿಗೊಮ್ಮೆ ನೋಡದೆ ಬರೆದು ನೋಡಬೇಕು.

ಇನ್ನೊಂದು ದಾರಿ ಕಿರಿಯರಿಗೆ ಹೇಳಿಕೊಡುವುದು. ಎಂಟನೇ ಕ್ಲಾಸಿನ ತಮ್ಮನನ್ನು ಕೂರಿಸಿಕೊಂಡು ಇದನ್ನೇ ವಿವರಿಸಿದರೆ ಅವನು ಕೇಳಿಯೇ ಕೇಳುತ್ತಾನೆ: ‘ಅಕ್ಕಾ, ಲೆಕ್ಕ ಮುಗಿಸ್ದೋರಿಗೆ ಹೋಂವರ್ಕ್ ಇಲ್ಲ ಅಂದ್ರ ಅದು ಬಹುಮಾನ ಆಯ್ತಲ್ಲ, ಋಣಾತ್ಮಕ ಅಂತ ಯಾಕ ಅಂತಾರ?’ ‘ಬ್ಯಾಡಾದ್ದು ತೆಗಿತಾರಲ್ಲೋ ತಮ್ಮಾ, ಅದಕ್ಕ.’ ಇಷ್ಟು ಹೇಳಿದ ಅಕ್ಕನಿಗೆ ಆ ಒಂದು ಅಂಕ ಖಾತ್ರಿ. ಅವಳಿಗೂ ಒಬ್ಬ ಹಿರಿಯರು ಬೇಕು, ಹೋದ ಸಲ ಪಾಸಾದ ಯಾರಾದರೂ ಸರಿ. ವೈಗಾಟ್‌ಸ್ಕಿ ಸಮೀಪಸ್ಥ ವಿಕಾಸ ವಲಯ ಎಂದದ್ದು ಇದನ್ನೇ, ಒಬ್ಬರೇ ಏರಲಾಗದ ಮೆಟ್ಟಿಲನ್ನು ಬಲ್ಲವರ ಆಸರೆಯಲ್ಲಿ ಏರುವುದನ್ನು. ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದ ಶರಣರು ಕೂಡಿ ಕುಳಿತು ಪ್ರಶ್ನೆ ಕೇಳಿ ಉತ್ತರ ಪಡೆದ ಸೀಮೆ ಇದು. ಇಲ್ಲಿನ ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಓದಿ ಬಳಲುವುದು ನನಗೆ ಸಂಕಟ ತರುತ್ತದೆ.

ಈ ಹೆಸರುಗಳೆಲ್ಲ ಪರದೇಶದವು, ನಮಗೆ ದೂರ ಎನ್ನುವವರಿಗೆ ಒಂದು ಮಾತು. ಗೈಡಿನಲ್ಲಿ ಬುದ್ಧಿಶಕ್ತಿಯ ದ್ವಿಘಟಕ ಸಿದ್ಧಾಂತ ಎಂದು ಬರುತ್ತದಲ್ಲ, ಆ ಸ್ಪಿಯರ್‌ಮನ್‌ನ ಬಳಿ ಲಂಡನ್ನಿನಲ್ಲಿ ಕಲಿತವರು ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು, ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದವರು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಬಾನುಲಿ ಕೇಂದ್ರ ಆರಂಭಿಸಿದವರೂ ಅವರೇ.

ಇನ್ನು ಓದು ಕೆಡಿಸುವ ಮೊಬೈಲಿನ ವಿಷಯಕ್ಕೆ ಬರೋಣ. ಎಷ್ಟನೇ ಕುಟುಕಿಗೆ ಕಾಳು ಬೀಳುತ್ತದೆಂದು ತಿಳಿಯದಿದ್ದಾಗ ಸ್ಕಿನ್ನರ್‌ನ ಪಾರಿವಾಳ ಬಿಡದೆ ಕುಟುಕುತ್ತಿತ್ತು. ರೀಲ್ಸ್ ಸರಿಸುವ ಬೆರಳಿಗೂ ಮುಂದಿನದು ಚೆನ್ನಾಗಿರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಇದನ್ನು ಗೆಲ್ಲುವುದು ಕಷ್ಟ. ಓದುವ ಹೊತ್ತಿನಲ್ಲಿ ಫೋನನ್ನು ಅವ್ವನ ಕೈಗೆ ಕೊಟ್ಟುಬಿಡುವುದು ಸುಲಭ.

ಮನೋಚಿಕಿತ್ಸೆಗಳ ಅಧ್ಯಾಯವನ್ನು ಎಲ್ಲರೂ ಹೆಸರು ಹೊಂದಿಸುವಷ್ಟಕ್ಕೆ ಓದಿ ಬಿಡುತ್ತಾರೆ. ಪರೀಕ್ಷೆಗೆ ಹೆದರುವವರು ನಿಧಾನವಾಗಿ ಓದಬೇಕಾದ ಪುಟಗಳೇ ಅವು. ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲೇ ತೋರಿಸಿದಂತೆ ಸ್ವಲ್ಪ ಉದ್ವೇಗ ಕೆಲಸಕ್ಕೆ ಒಳ್ಳೆಯದು, ಕಷ್ಟದ ಕೆಲಸದಲ್ಲಿ ಅದು ಅತಿಯಾದರೆ ಕೆಡುಕು. ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ಎ, ಬಿ, ಸಿ ಎಂಬ ಮೂರು ಅಕ್ಷರಗಳಲ್ಲಿ ತನ್ನ ವಿಧಾನವನ್ನು ಹೇಳಿದ. ಎ ಎಂದರೆ ನಡೆದದ್ದು: ಟಿಇಟಿಯಲ್ಲಿ 90 ಬೇಕಿತ್ತು, 84 ಬಂತು. ಸಿ ಎಂದರೆ ಅದರ ಪರಿಣಾಮ: ಪುಸ್ತಕ ಮುಟ್ಟಲು ಮನಸ್ಸಿಲ್ಲ, ನೆಂಟರ ಮದುವೆಗೆ ಹೋಗಲು ನಾಚಿಕೆ. ನಡುವೆ ಬಿ ಇದೆ, ‘ನನ್ನ ಹಣೆಬರಹನೇ ಇಷ್ಟು’ ಎಂಬ ನಂಬಿಕೆ. ನಮ್ಮನ್ನು ಕೂರಿಸಿಬಿಡುವುದು ಈ ನಂಬಿಕೆ ಎನ್ನುತ್ತಾನೆ ಎಲ್ಲಿಸ್. ಅದನ್ನು ಕಾಗದದ ಮೇಲೆ ಬರೆದು ಎದುರು ಪ್ರಶ್ನೆ ಹಾಕಿ: ಹಣೆಬರಹವಾದರೆ 84 ಹೇಗೆ ಬಂತು? ಕಳೆದುಕೊಂಡ ಆರು ಅಂಕ ಯಾವ ವಿಷಯದಲ್ಲಿ?

ಅದೇ ಅಧ್ಯಾಯದಲ್ಲಿ ಬರುವ ವೋಲ್ಪೆಯ ವಿಧಾನದಲ್ಲಿ ಮೈಮನಸ್ಸು ಸಡಿಲ ಬಿಡುವುದನ್ನು ಕಲಿತು, ಭಯವನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುತ್ತಾರೆ. ಪರೀಕ್ಷೆಯ ಭಯಕ್ಕಾದರೆ ಮೊದಲು ಮನೆಯಲ್ಲಿ ಹತ್ತು ಪ್ರಶ್ನೆ, ಆಮೇಲೆ ಗಡಿಯಾರವಿಟ್ಟು ಇಡೀ ಪತ್ರಿಕೆ, ಆಮೇಲೆ ಪರಿಚಯವಿಲ್ಲದವರ ನಡುವೆ ಕುಳಿತು ಓಎಂಆರ್ ಹಾಳೆಯಲ್ಲಿ.

ಇವು ಓದಿನ ದಿನನಿತ್ಯದ ಭಯಕ್ಕೆ ಸಾಕು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಗೈಡಿನ ಪುಟ ಸಾಲದು, ತಜ್ಞರೇ ಬೇಕು. ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕೆಂದೇನಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ಕೊಟ್ಟು ತೋರಿಸಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಓದುವವರಷ್ಟೇ ಅಲ್ಲ, ರಿಸಲ್ಟ್ ಬಂದ ದಿನ ಅವರ ಪಕ್ಕದಲ್ಲಿರುವ ಅಪ್ಪ, ಅವ್ವ, ಅಣ್ಣಂದಿರೂ ಈ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಲಿ.