ವೈರಾಗ್ಯವೋ, ವಿಷಾದವೋ?

ಇಪ್ಪತ್ತರ ಹುಡುಗನೊಬ್ಬ "ಇದೆಲ್ಲ ಯಾಕೆ? ಬದುಕಿ ಏನಾಗಬೇಕು?" ಎಂದು ಕೇಳಿದರೆ ಅವನನ್ನು ಗುರುವಿನ ಬಳಿ ಕಳಿಸಬೇಕೋ, ವೈದ್ಯರ ಬಳಿಯೋ? ಅಂಕೋಲೆಯಲ್ಲಿ ತರ್ಕಶಾಸ್ತ್ರ ಕಲಿಸಿ, ನಿವೃತ್ತಿಯ ನಂತರ ಕದ್ರಾದಲ್ಲಿ ನೆಲೆಸಿರುವ ನನ್ನನ್ನು ಇತ್ತೀಚೆಗೆ ಈ ಪ್ರಶ್ನೆಯಷ್ಟು ಕಾಡಿದ್ದು ಬೇರೊಂದಿಲ್ಲ.

ಹರೆಯದ ಈ ಪ್ರಶ್ನೆಯನ್ನು ನಮ್ಮ ಪರಂಪರೆ ಕೀಳಾಗಿ ಕಂಡಿಲ್ಲ. ಕಠೋಪನಿಷತ್ತಿನ ನಚಿಕೇತ ಇನ್ನೂ ಹುಡುಗ. ಯಮನ ಮನೆಗೇ ಹೋಗಿ ಸಾವಿನ ಬಗ್ಗೆ ಕೇಳಿದ. ಗೀತೆಯ ಮೊದಲ ಅಧ್ಯಾಯಕ್ಕೆ ಅರ್ಜುನವಿಷಾದಯೋಗ ಎಂದೇ ಹೆಸರು. ಅಕ್ಕಮಹಾದೇವಿ ಎಲ್ಲವನ್ನೂ ಬಿಟ್ಟು ನಡೆದಳು. ಇವರ ಬಾಯಿ ಮುಚ್ಚಿಸಿದ್ದರೆ ನಾವು ಬಡವರಾಗುತ್ತಿದ್ದೆವು. ಆದರೆ ಈ ಗೌರವದ ನೆರಳಿನಲ್ಲೇ ಒಂದು ಅಪಾಯವೂ ಇದೆ. ಬಾಡಿದ ಮುಖಗಳನ್ನೆಲ್ಲ ವೈರಾಗ್ಯವೆಂದು ಓದಿಬಿಡುತ್ತೇವೆ.

ನಮ್ಮ ಕೇರಿಯ ಹುಡುಗ ದೂರದ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ದಸರೆಗೆ ಬಂದವನು ಮರಳಿ ಹೋಗಲೊಲ್ಲ. ಊಟ ಸೇರದು, ಮಾತಿಲ್ಲ, ಕೈಯಲ್ಲಿ ಮಾತ್ರ ವೇದಾಂತದ ಪುಸ್ತಕ. "ಅಕ್ಕೋರೇ, ಇವನಿಗೆ ಸನ್ಯಾಸದ ಹುಚ್ಚು ಹಿಡಿದದೆ" ಎಂದು ತಾಯಿ ಅತ್ತಳು. ಅಪ್ಪ ಸೋಮಾರಿತನ ಎಂದ. ಗ್ರಾಮದೇವರ ಮುಂದೆ ಪೂಜಾರಿ ಗುನಗರು, ವೈದ್ಯರಲ್ಲಿಗೆ ಕರೆದೊಯ್ಯಬಹುದೇ ಎಂದು ಕೌಲು ಕೇಳಿದರು. ಪ್ರಸಾದ ಬಲಕ್ಕೆ ಬಿತ್ತು, ಅಂದರೆ ದೇವರ ಒಪ್ಪಿಗೆ. ಆ ಧೈರ್ಯದಲ್ಲೇ ಮೂವರೂ ಕಾರವಾರದ ಬಸ್ಸು ಹತ್ತಿದರು.

ಅಲ್ಲಿನ ಮನೋವೈದ್ಯೆ ತಂದೆತಾಯಿಯನ್ನು ಹೊರಗೆ ಕೂರಿಸಿ ಹುಡುಗನೊಬ್ಬನನ್ನೇ ಮಾತಾಡಿಸಿದರಂತೆ. ನಿದ್ರೆ ಯಾವಾಗಿನಿಂದ ಕೆಟ್ಟಿತು? ಬಾಕಿ ಉಳಿದ ವಿಷಯಗಳೆಷ್ಟು? ಹಾಸ್ಟೆಲಿನಲ್ಲಿ ಜೊತೆಗೆ ಉಣ್ಣುವವರು ಯಾರು? ನೀನಿಲ್ಲದಿದ್ದರೆ ಮನೆಯವರಿಗೆ ಹಗುರವಾಗುತ್ತದೆ ಅನಿಸುತ್ತದೆಯೇ? ಕೊನೆಯ ಪ್ರಶ್ನೆಗೆ ಅವನು ಹೌದೆಂದ. ಮನೆಯವರಿಗೆ ಏನೇನು ಹೇಳಬಹುದು ಎಂದು ಅವನನ್ನೇ ಕೇಳಿ, ಪ್ರಾಣಕ್ಕೆ ಅಪಾಯವಿರುವ ಮಾತನ್ನು ಮಾತ್ರ ಮುಚ್ಚಿಡಲಾಗದು ಎಂದರು. ಚಿಕಿತ್ಸೆ ಶುರುವಾಯಿತು. ಈಗ ಅವನು ಕಾಲೇಜಿಗೆ ಮರಳಿದ್ದಾನೆ. ರಜೆಗೆ ಬಂದಾಗ ನನ್ನ ಜಗಲಿಯಲ್ಲಿ ಕುಳಿತು ಆತ್ಮದ ಬಗ್ಗೆ ವಾದ ಮಾಡುತ್ತಾನೆ. ಔಷಧಿ ಅವನ ಪ್ರಶ್ನೆಯನ್ನು ಕಿತ್ತುಕೊಳ್ಳಲಿಲ್ಲ. ಕೇಳುವ ತ್ರಾಣವನ್ನು ಮರಳಿ ಕೊಟ್ಟಿತು.

ಆತ್ಮದ ಸಂಕಟವನ್ನು ಮಾತ್ರೆಗೆ ಇಳಿಸಬಹುದೇ ಎಂದು ಕೇಳುವವರಿದ್ದಾರೆ. ತೈತ್ತಿರೀಯ ಉಪನಿಷತ್ತಿನ ಭೃಗು ತಪಸ್ಸು ಮಾಡಿ ಮೊದಲು ಕಂಡದ್ದು ಅನ್ನವೇ ಬ್ರಹ್ಮವೆಂದು. ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆಮೇಲೆ ಆನಂದಕ್ಕೆ ಬಂದ. ದೇಹದಿಂದ ಆರಂಭಿಸುವುದು ಆತ್ಮಕ್ಕೆ ಮಾಡುವ ಅವಮಾನವಲ್ಲ. ನಾನು ಕಂಡಂತೆ ವಿರಕ್ತನಿಗೆ ನಿದ್ರೆ ಬರುತ್ತದೆ, ಪಕ್ಕದವನ ನೋವೂ ಕಾಣುತ್ತದೆ. ವಿಷಾದದಲ್ಲಿ ಮುಳುಗಿದವನಿಗೆ ತಾನೇ ಭಾರ. ಹೊರಗಿನಿಂದ ನೋಡಿದರೆ ಇಬ್ಬರೂ ಮೂಲೆಯಲ್ಲಿ ಸುಮ್ಮನೆ ಕುಳಿತವರೇ. ಈ ವ್ಯತ್ಯಾಸವನ್ನು ಗುರುತಿಸುವುದೇ ವಿವೇಕ.

ಆ ವಿವೇಕ ಕರುಣೆಯೊಂದರಿಂದ ಬರುವುದಿಲ್ಲ. ನಮ್ಮ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಗೇಟನ್ನು ಒಳ್ಳೆಯ ಮನಸ್ಸಿನವರೆಂಬ ಕಾರಣಕ್ಕೆ ಯಾರ ಕೈಗೂ ಕೊಡುವುದಿಲ್ಲ; ಒಳಹರಿವು ಅಳೆಯಲು ಕಲಿತವರೇ ಬೇಕು. 2019ರ ಆಗಸ್ಟಿನ ನೆರೆ ಕಂಡ ಕೆಳಗಿನ ಊರುಗಳವರಿಗೆ ಇದನ್ನು ವಿವರಿಸಬೇಕಿಲ್ಲ. ಹರೆಯದ ಮನಸ್ಸಿನ ಎದುರು ಕೂರುವವರಿಗೂ ಕಲಿಕೆ ಬೇಕು.

ಎಂಬಿಬಿಎಸ್ ನಂತರ ಮೂರು ವರ್ಷದ ಎಂ.ಡಿ. ಮುಗಿಸಿದವರು ಮನೋವೈದ್ಯರಾಗುತ್ತಾರೆ. ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂ.ಡಿ. ನಂತರದ ಪ್ರತ್ಯೇಕ ಡಿ.ಎಂ. ಪದವಿ ಇದೆ, ವೃದ್ಧರ ಮನೋವೈದ್ಯಕ್ಕೂ ಇದೆ, ವ್ಯಸನ ಚಿಕಿತ್ಸೆಗೂ ಇದೆ. ಕಾಲೇಜು ವಿದ್ಯಾರ್ಥಿಗಳಿಗೆಂದೇ ಅಂಥ ಪದವಿಯಿಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮನೋವೈದ್ಯರಿಗೆ ಇದರಲ್ಲೇ ಒಂದು ವರ್ಷದ ತರಬೇತಿ ಕೊಡುತ್ತವೆ. ಕಾಲೇಜಿನ ಈ ವಯಸ್ಸು ಮಗುವಿನದೂ ಅಲ್ಲ, ಗೃಹಸ್ಥನದೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವರ ಚಿಕಿತ್ಸೆಗೆ ಸಾಮಾನ್ಯವಾಗಿ ಅವರದೇ ಒಪ್ಪಿಗೆ ಬೇಕು. ಆದರೆ ಶುಲ್ಕ ಕಟ್ಟುವವನು ಅಪ್ಪ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳು ಹೆಚ್ಚಾಗಿ ತಲೆದೋರುವುದೂ ಈ ವಯಸ್ಸಿನಲ್ಲೇ. ಪರೀಕ್ಷೆಯ ಭಯ, ಮುರಿದ ಪ್ರೀತಿ, ಜಾತಿಯ ಅವಮಾನ, ದೇವರ ಬಗೆಗಿನ ಸಂಶಯ ಎಲ್ಲ ಒಟ್ಟಿಗೇ ಬರುವಾಗ ಯಾವುದು ರೋಗ, ಯಾವುದು ಬೆಳವಣಿಗೆ ಎಂದು ಬಿಡಿಸಿ ನೋಡಲು ಬರಬೇಕು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಹೆಚ್ಚು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಸಮಾಲೋಚಕರ ಬೆನ್ನಿಗೆ ಈ ವಯಸ್ಸನ್ನೇ ಓದಿದ ವೈದ್ಯರೂ ಇರಬೇಕು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕಾಲೇಜು ವಯಸ್ಸಿನ ಮನೋವೈದ್ಯದ ತರಬೇತಿಯನ್ನೂ ಕರ್ನಾಟಕವೇ ಆರಂಭಿಸಲಿ. ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಪಾಠ ರೂಪಿಸಲಿ. ಕಲಿಯುವ ವೈದ್ಯರು ಕಾರವಾರ, ಅಂಕೋಲೆಯಂಥ ಊರುಗಳ ಕಾಲೇಜುಗಳಲ್ಲೂ ಕೆಲಕಾಲ ಕುಳಿತು ಹೋಗಲಿ.

ಅಲ್ಲಿಯವರೆಗೆ, ಹೆತ್ತವರೇ, ದೇವರಲ್ಲಿ ಕೌಲು ಕೇಳಿ, ಬೇಡವೆನ್ನುವುದಿಲ್ಲ. ಆದರೆ ಎರಡು ವಾರ ಕಳೆದರೂ ಮಗುವಿನ ನಿದ್ರೆ, ಊಟ, ನಗು ಮರಳದಿದ್ದರೆ ವೈದ್ಯರಲ್ಲಿಗೆ ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.