ಕರುಣೆಗೂ ಲೆಕ್ಕ ಬೇಕು

ಕುಡಿದು ವಾಹನ ಓಡಿಸುವುದು ತಪ್ಪು. ಇದರಲ್ಲಿ ವಾದವಿಲ್ಲ. ರಾತ್ರಿ ಹೊತ್ತು ರಸ್ತೆ ಅಂಚಿನಲ್ಲಿ ನಡೆದು ಬರುವವರು ಯಾರು? ಕೂಲಿ ಮುಗಿಸಿದವರು, ಸೈಕಲ್ ತುಳಿಯುವವರು. ಚಕ್ರದಡಿ ಸಿಗುವುದು ನಮ್ಮ ಜನವೇ. ಆದ್ದರಿಂದ ಈ ಕಾನೂನೇ ಬೇಡ ಅನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ನಮ್ಮ ಪ್ರಶ್ನೆ ಬೇರೆ: ಅದು ಯಾರ ಮೇಲೆ ಬೀಳಬೇಕು ಎಂದು ಗೊತ್ತುಮಾಡುವವರು ಯಾರು?

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. 2019ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಪೊಲೀಸ್ ಅಧಿಕಾರಿ ಲೈಸೆನ್ಸು ವಶಪಡಿಸಿಕೊಂಡು ಆರ್.ಟಿ.ಓ.ಗೆ ಕಳಿಸಬೇಕು. ಅಲ್ಲಿ ಚಾಲಕನ ಮಾತು ಕೇಳಿ ಬಿಟ್ಟುಬಿಡಬಹುದು. ಇಲ್ಲವೇ ಕಾರಣ ಬರೆದು ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು, ಮತ್ತೆ ಸಿಕ್ಕಿದರೆ ರದ್ದು ಮಾಡಬಹುದು.

ಕಾಗದದ ಮೇಲೆ ಎಲ್ಲರೂ ಒಂದೇ. ಆದರೆ ಊದಿಸುವ ಮೊದಲು ಪೊಲೀಸರಿಗೆ ಸಂಶಯಪಡಲು ತಕ್ಕ ಕಾರಣ ಇರಬೇಕು ಎನ್ನುತ್ತದೆ 203ನೇ ಕಲಮು. ಈ ಸಂಶಯ ಯಾರ ಮುಖ ಕಂಡರೆ ಹುಟ್ಟುತ್ತದೆ? ಲುಂಗಿ ಉಟ್ಟ ಟೆಂಪೋ ಡ್ರೈವರನಿಗೆ "ಇಳಿಯೋ ಕೆಳಗೆ, ಊದು". ಪಕ್ಷದ ಬಾವುಟ ಕಟ್ಟಿದ ಕಾರಿಗೆ "ಹೋಗಿ ಸಾರ್". ಸಂಶಯಕ್ಕೂ ಜಾತಿಯಿದೆ, ವರ್ಗವಿದೆ.

ಶಿಕ್ಷೆಯೂ ಒಂದೇ ಅಲ್ಲ. ಲೈಸೆನ್ಸು ಹೋದ ಧಣಿ ಹಿಂದಿನ ಸೀಟಿನಲ್ಲಿ ಕೂತು ಡ್ರೈವರನ್ನು ಇಟ್ಟುಕೊಳ್ಳುತ್ತಾನೆ. ಲೈಸೆನ್ಸು ಹೋದ ಡ್ರೈವರನ ಮನೆಯಲ್ಲಿ ಒಲೆ ಆರುತ್ತದೆ.

ಹಾಗಾದರೆ ಪೇದೆ ಬಡವನಿಗೆ ಕರುಣೆ ತೋರಿಸಲಿ ಅನ್ನುತ್ತಾರೆ ಕೆಲವು ಗೆಳೆಯರು. "ಹೆಂಡ್ತಿ ಮಕ್ಕಳಿದಾರೆ, ಬಿಟ್ಬಿಡಿ ಸ್ವಾಮಿ" ಅಂತ ಕೈಮುಗಿದು ಪಡೆದ ಕರುಣೆ ನಮಗೆ ಹೊಸದೇ? ಧಣಿಯ ಜಗಲಿಯ ಕೆಳಗೆ ನಿಂತು ತಲೆತಲಾಂತರ ಇದನ್ನೇ ಪಡೆದೆವು. ಇವತ್ತು ಕೊಟ್ಟವನು ನಾಳೆ ಕಿತ್ತುಕೊಳ್ಳುತ್ತಾನೆ. ಕೆಲವು ಸಲ ಅದಕ್ಕೆ ಬೆಲೆಯನ್ನೂ ಕೇಳುತ್ತಾನೆ. ಅದಕ್ಕಿಂತ ಮುಖ್ಯ, ಹಾಗೆ ಬಿಟ್ಟ ಗಾಡಿ ಮುಂದಿನ ತಿರುವಿನಲ್ಲಿ ಒಬ್ಬ ಕೂಲಿಯವಳ ಮೇಲೆ ಹರಿದರೆ? ಪೇದೆ ಖರ್ಚು ಮಾಡಿದ ಕರುಣೆ ಅವನದಲ್ಲ, ಅವಳ ಜೀವ.

ವಿವೇಚನೆಯನ್ನೇ ಕಿತ್ತುಹಾಕಿದರೆ? ಆಗಲೂ ಬ್ಯಾರಿಕೇಡು ಎಲ್ಲಿಡಬೇಕೆಂದು ಯಾರೋ ಆರಿಸಲೇಬೇಕು. ಕ್ಲಬ್ಬಿನ ಗೇಟಿಗೋ, ಕೇರಿಯ ದಾರಿಗೋ? ವಿವೇಚನೆ ಸಾಯುವುದಿಲ್ಲ, ಕತ್ತಲಿನಿಂದ ಬೆಳಕಿಗೆ ತರಬಹುದು, ಅಷ್ಟೆ. ಶಿಕ್ಷಿಸುವಾಗ ಕಾರಣ ಬರೆಯಬೇಕು ಎನ್ನುತ್ತದೆ ಕಾಯ್ದೆ. ಬಿಡುವಾಗಲೂ ಬರೆಯಲಿ. ತಡೆದ ಪ್ರತಿ ಗಾಡಿಯ ನಂಬರು, ಬಿಟ್ಟ ಪ್ರತಿ ಗಾಡಿಯ ಕಾರಣ ಪುಸ್ತಕದಲ್ಲಿರಲಿ. ಸಂವಿಧಾನದ 14ನೇ ವಿಧಿ ಹೇಳುವ ಸಮಾನತೆ ರಸ್ತೆಯ ಮೇಲೆ ಕಾಣುವುದು ಆ ಪುಸ್ತಕದಲ್ಲೇ.

2007ರಲ್ಲಿ ಸಾರಾಯಿ ನಿಷೇಧಿಸಿದ ಸರ್ಕಾರ ತನ್ನದೇ ನಿಗಮದಿಂದ ಮದ್ಯದ ಸಗಟು ವ್ಯಾಪಾರ ನಡೆಸುತ್ತಿದೆ. ಗಲ್ಲಾ ತುಂಬಿಸಿಕೊಳ್ಳುವವನಿಗೆ ಲೆಕ್ಕ ಬರೆಯುವುದು ಕಷ್ಟವೇನಲ್ಲ.

ಓದಿದ ಗೆಳೆಯರೇ, ಮೇಷ್ಟ್ರುಗಳೇ, ಆರ್.ಟಿ.ಓ. ಮುಂದೆ ಮಾತಾಡುವ ಹಕ್ಕು ಡ್ರೈವರನಿಗಿದೆ. ಅದು ಅವನಿಗೆ ಗೊತ್ತಿಲ್ಲ. ಅವನ ಜೊತೆ ಹೋಗಿ. ಬಿಡಿಸೋದಕ್ಕಲ್ಲ, ಅವನ ಮಾತು ದಾಖಲಾಗೋದಕ್ಕೆ.