ಬರಿಗಾಲಿನ ಹೆಮ್ಮೆ ಯಾರದು?

1948ರ ಜುಲೈ 31ರಂದು ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ಭಾರತದ ಫುಟ್‌ಬಾಲ್ ತಂಡ ತನ್ನ ಮೊದಲ ಒಲಿಂಪಿಕ್ ಪಂದ್ಯ ಆಡಿತು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 2-1ರಿಂದ ಸೋತರು. ಆ ಒಂದು ಗೋಲು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್ ಅವರದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಬಡಿಯಿತು. ಆಗಲೂ ನಮ್ಮ ಕಡೆಯ ಒಂದೇ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಾದ ಮೇಲೆ ಬೂಟು ಕಡ್ಡಾಯವಾಯಿತು.

ಇವರನ್ನು ಬೂಟಿಗೂ ಗತಿಯಿಲ್ಲದ ಬಡಪಾಯಿಗಳೆಂದು ಚಿತ್ರಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತವಾಗಿ ರೋವರ್ಸ್ ಕಪ್ ಗೆದ್ದಿತ್ತು. 1946-47ರಲ್ಲಿ, ಮತ್ತೆ 1952-53ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿ ಎತ್ತಿಕೊಂಡಿತ್ತು. ಅಂಥ ಕಡೆಯಿಂದ ಬಂದವರಿಗೆ ಬರಿಗಾಲು ಒಂದು ವಿದ್ಯೆ. ಚೆಂಡಿನ ತಿರುವನ್ನು ಚರ್ಮವೇ ಓದುತ್ತಿತ್ತು. 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದದ್ದು ಬರಿಗಾಲಲ್ಲಿ ಆಡಲು ಬಿಡದಿದ್ದಕ್ಕೆ ಎಂಬ ಕಥೆ ಇಂದಿಗೂ ಓಡಾಡುತ್ತದೆ. ಕಾರಣ ಅದಲ್ಲವೆಂದು ಶೈಲೇನ್ ಮನ್ನಾ ಅವರೇ ಆಮೇಲೆ ಹೇಳಿದರೂ ಕಥೆ ಸಾಯಲಿಲ್ಲ. ನಮಗೆ ಅದು ಬೇಕಾಗಿದೆ, ಅಷ್ಟೇ.

ಏಕೆ ಬೇಕು ಎನ್ನುವುದೇ ನನ್ನನ್ನು ಕಾಡುವ ಪ್ರಶ್ನೆ. ಏಕಾದಶಿಯ ಉಪವಾಸವೂ ಹಸಿವೇ, ಮನೆಯಲ್ಲಿ ಹಿಟ್ಟಿಲ್ಲದವನದೂ ಹಸಿವೇ. ಹೊಟ್ಟೆಗೆ ಎರಡೂ ಒಂದೇ ಇರಬಹುದು, ಆದರೆ ಪುಣ್ಯ ಒಂದಕ್ಕೆ ಮಾತ್ರ. ಬರಿಗಾಲಿನ ಕಥೆಯಲ್ಲಿ ಈ ಎರಡನ್ನೂ ಕಲಸಿಬಿಡುತ್ತೇವೆ. ಆರಿಸಿಕೊಂಡವರನ್ನು ಬಡವರೆಂದು ಮರುಗುತ್ತೇವೆ, ಆರಿಸಿಕೊಳ್ಳಲು ಏನೂ ಇಲ್ಲದವರನ್ನು ಧೀರರೆಂದು ಹೊಗಳುತ್ತೇವೆ.

ಎರಡನೆಯವರು ನಮ್ಮೂರಲ್ಲೇ ಇದ್ದರು. ಬೇತಮಂಗಲದ ಕೆರೆಯಲ್ಲಿ ನಿಂತ ಪಾಲಾರ್ ನೀರು ಕೊಳವೆ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ನೀರು ಇಳಿದ ಬೇಸಿಗೆಯಲ್ಲಿ ಕೆರೆಯಂಗಳವೇ ಹುಡುಗರ ಮೈದಾನ. ಅಲ್ಲಿ ಆಡಿ ಬೆಳೆದು, ಐವತ್ತರ ದಶಕದಲ್ಲಿ ಕಾಲೇಜು ತಂಡ ಸೇರಿದ ಹಿರಿಯರೊಬ್ಬರನ್ನು ನನ್ನ ಸಂಶೋಧನೆಯ ನೆಪದಲ್ಲಿ ಮಾತಾಡಿಸಿದೆ. (ನನ್ನ ವಿಷಯ ಗಣಿಯ ನೀರು. ಫುಟ್‌ಬಾಲ್ ತಾನಾಗಿ ಬಂತು.) ಒಂದು ಸೀಸನ್ ಇಡೀ ಊರ ಸುತ್ತ ಬರಿಗಾಲಲ್ಲೇ ಆಡಿ ಗೆದ್ದರಂತೆ. ಹೊರಗಿನ ಪಂದ್ಯಕ್ಕೆ ಹೊರಟಾಗ ಬೂಟಿಲ್ಲದವರು ಆಡುವಂತಿಲ್ಲ ಎಂದರಂತೆ. "ನಿಯಮ ಸರೀನೇ ಇತ್ತಪ್ಪ. ಆ ಕಡೆಯೋರು ಬೂಟಲ್ಲಿ ತುಳಿದ್ರೆ ಉಗುರು ಕಿತ್ತೇ ಬರೋದು," ಎಂದು ಹೆಬ್ಬೆರಳು ತೋರಿಸಿದರು. ಅಲ್ಲಿ ಉಗುರು ಮತ್ತೆ ಸರಿಯಾಗಿ ಬೆಳೆದಿರಲಿಲ್ಲ.

ಅವರ ಮಾತು ನನ್ನನ್ನು ಕಟ್ಟಿಹಾಕಿತು. ನಿಯಮ ಕ್ರೂರ ಎಂದುಬಿಟ್ಟರೆ ಸುಲಭವಿತ್ತು. ಸಂಪ್ರದಾಯದ ಹೆಸರಲ್ಲಿ ಹುಡುಗರನ್ನು ಬರಿಗಾಲಲ್ಲೇ ಬಿಡುವುದು ಕರುಣೆಯಲ್ಲ, ಆ ಹೆಬ್ಬೆರಳೇ ಸಾಕ್ಷಿ. ಆದರೆ ಎಲ್ಲರಿಗೂ ಒಂದೇ ಎಂದು ಬಂದ ನಿಯಮ ಬೂಟಿನ ಬೆಲೆಯನ್ನು ಮಾತ್ರ ಆಯಾ ಮನೆಗೆ ಬಿಟ್ಟಿತು. ರಕ್ಷಣೆಗೆಂದು ಹುಟ್ಟಿದ್ದು ಕೊಳ್ಳಲಾರದವನ ಪಾಲಿಗೆ ಬಾಗಿಲು ಹಾಕಿತು. ಕೊಡದೆ ಕಡ್ಡಾಯ ಮಾಡುವವರನ್ನು ನ್ಯಾಯವಂತರೆನ್ನಲು ನನಗೆ ಬಾಯಿ ಬರುವುದಿಲ್ಲ, ನಿಯಮ ಎಷ್ಟೇ ಸರಿಯಿರಲಿ.

ಗಣಿಯಲ್ಲೂ ಇದೇ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರ ಎದೆಗಾರಿಕೆಯ ಬಗ್ಗೆ ನಾವು ಚೆನ್ನಾಗಿ ಮಾತಾಡುತ್ತೇವೆ. ಆ ಎದೆಯೊಳಗೆ ಕೂತ ಕಲ್ಲುಧೂಳಿನ ಮಾತು ಬಂದಾಗ ದನಿ ತಗ್ಗುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಹೊಗಳಿಕೆ ನಿಂತಿಲ್ಲ. ಅದಕ್ಕೆ ಬಜೆಟ್ ಬೇಕಿಲ್ಲವಲ್ಲ.

ಕೊನೆಗೆ ಆ ಪಂದ್ಯ ಆಡಿದಿರಾ ಎಂದು ಕೇಳಿದೆ. ಆಡಿದರಂತೆ. ಇಬ್ಬರು ಹುಡುಗರು ಸೇರಿ ಒಂದು ಜೊತೆ ಬೂಟು ಕೊಂಡರಂತೆ. ಅರ್ಧ ಹೊತ್ತು ಒಬ್ಬ, ಇನ್ನರ್ಧ ಇನ್ನೊಬ್ಬ. "ಅವನ ಕಾಲು ದೊಡ್ಡದು. ನಾನು ಹಳೇ ಬಟ್ಟೆ ತುರುಕಿ ಹಾಕ್ಕೊಂಡೆ. ಬಾಲೆಲ್ಲಿದೆ ಅಂತ ಕಾಲಿಗೇ ಗೊತ್ತಾಗ್ತಿರಲಿಲ್ಲ." ಪಂದ್ಯದ ಫಲಿತಾಂಶ ಅವರಿಗೆ ನೆನಪಿರಲಿಲ್ಲ. ಬೂಟಿನ ಸಾಲ ತೀರಲು ಹಿಡಿದ ತಿಂಗಳುಗಳು ನೆನಪಿದ್ದವು.